ನಿಮ್ಮ ಅಂಗಡಿ ಹೆಸರಲ್ಲಿ ಬೇರೆಯವರು ಇಮೇಲ್ ಕಳಿಸಬಹುದು! ತಡೆಯೋದು ಹೇಗೆ? ಇಲ್ಲಿದೆ ಪೂರ್ತಿ ಮಾಹಿತಿ

ಶಿಕಾರಿಪುರ / ಸೊರಬ: ಸೊರಬದ ಒಂದು ಅಡಿಕೆ ಮಂಡಿಗೆ ಸ್ವಂತ ವೆಬ್‌ಸೈಟ್ ಇದೆ ಅಂದುಕೊಳ್ಳಿ. ಹೊರ ರಾಜ್ಯದ ಖರೀದಿದಾರರಿಗೆ ಬಿಲ್ಲು ಇಮೇಲ್‌ನಲ್ಲೇ ಹೋಗುತ್ತೆ. ಒಂದು ದಿನ ಮಂಡಿಯ ಇಮೇಲ್ ವಿಳಾಸದಿಂದಲೇ ಖರೀದಿದಾರನಿಗೆ ಒಂದು ಸಂದೇಶ ಬರುತ್ತೆ. 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ಮುಂದೆ ಈ ಖಾತೆಗೆ ಹಣ ಹಾಕಿ' ಅಂತ. ಆತ ಹಣ ಹಾಕ್ತಾನೆ. ವಾರ ಬಿಟ್ಟು ಮಂಡಿಯವರು ಬಾಕಿ ಕೇಳಿದಾಗಲೇ ವಿಷಯ ಹೊರಬೀಳೋದು. ಆ ಮೇಲ್ ಮಂಡಿಯವರು ಕಳಿಸಿದ್ದೇ ಅಲ್ಲ.

ಇಲ್ಲಿ ಯಾರೂ ಮಂಡಿಯ ಕಂಪ್ಯೂಟರ್ ಹ್ಯಾಕ್ ಮಾಡಿಲ್ಲ. ಪಾಸ್‌ವರ್ಡ್ ಕದ್ದಿಲ್ಲ. ಕಳಿಸಿದವರು ಯಾರು ಅನ್ನೋ ಜಾಗದಲ್ಲಿ ಮಂಡಿಯ ವಿಳಾಸ ಬರೆದಿದ್ದಾರೆ, ಅಷ್ಟೇ. ಇದು ಉದಾಹರಣೆಗೆ ಹೇಳಿದ್ದು. ಆದರೆ ಡೊಮೈನ್ ತಗೊಂಡು, ಅದಕ್ಕೆ ಮೂರು ಸಣ್ಣ ದಾಖಲೆ ಸೇರಿಸದೆ ಬಿಟ್ಟ ಯಾವ ಅಂಗಡಿ, ರೈಸ್ ಮಿಲ್, ಶಾಲೆ, ಸೊಸೈಟಿಗಾದರೂ ಇದು ಆಗಬಹುದು.

ಇದರ ಇನ್ನೊಂದು ಮುಖವೂ ಇದೆ. ನೀವೇ ಕಳಿಸಿದ ನಿಜವಾದ ಕೊಟೇಶನ್ ಗ್ರಾಹಕರ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿ ಬೀಳುತ್ತೆ. 'ಮೇಲ್ ಬಂದೇ ಇಲ್ಲ' ಅಂತ ಅವರು, 'ಕಳಿಸಿದ್ದೀವಲ್ಲ' ಅಂತ ನೀವು. ಎರಡಕ್ಕೂ ಮದ್ದು ಒಂದೇ.

ಸಮಸ್ಯೆ ಶುರುವಾಗಿದ್ದು ಎಲ್ಲಿಂದ?

ಇಂದಿಗೂ ಇಮೇಲ್ ಓಡಾಡೋದು ಎಸ್‌ಎಂಟಿಪಿ ಅನ್ನೋ ನಿಯಮದ ಮೇಲೆ. 1982ರಲ್ಲಿ ಅಮೆರಿಕದ ಜೊನಾಥನ್ ಪೋಸ್ಟೆಲ್ ಇದನ್ನ ಬರೆದಿಟ್ಟರು. ಆಗ ನೆಟ್‌ವರ್ಕ್‌ನಲ್ಲಿ ಇದ್ದದ್ದು ಬಹುತೇಕ ಸಂಶೋಧನಾ ಸಂಸ್ಥೆಗಳು, ವಿಶ್ವವಿದ್ಯಾಲಯಗಳು. ಹಾಗಾಗಿ ಕಳಿಸುವವರು ನಿಜವಾಗಿ ಅವರೇನಾ ಅಂತ ಪರೀಕ್ಷೆ ಮಾಡೋ ವ್ಯವಸ್ಥೆಯನ್ನೇ ಅದರಲ್ಲಿ ಇಡಲಿಲ್ಲ. ಅಂಚೆ ಕವರಿನ ಹಿಂದೆ ಕಳಿಸಿದವರ ವಿಳಾಸ ಅಂತ ಯಾರ ಹೆಸರು ಬೇಕಾದ್ರೂ ಬರೀಬಹುದಲ್ಲ, ಹಾಗೆ.

ಈ ಕೊರತೆ ತುಂಬೋಕೆ ಆಮೇಲೆ ಮೂರು ಪರೀಕ್ಷೆ ಬಂದವು: ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್. ಕೊನೆಯದಾದ ಡಿಮಾರ್ಕ್ ಯೋಜನೆಯನ್ನ ಗೂಗಲ್, ಮೈಕ್ರೋಸಾಫ್ಟ್, ಯಾಹೂ, ಪೇಪಾಲ್ ಮತ್ತಿತರ ಕಂಪನಿಗಳು ಸೇರಿ 2012ರ ಜನವರಿಯಲ್ಲಿ ಪ್ರಕಟಿಸಿದವು.

ಈಗ ಯಾಕೆ ಮಾಡಲೇಬೇಕು?

2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ನಿಯಮ ಬಿಗಿ ಮಾಡಿವೆ. ಜಿಮೇಲ್ ಖಾತೆಗಳಿಗೆ ಮೇಲ್ ಕಳಿಸೋ ಯಾವುದೇ ಡೊಮೈನ್‌ಗೆ ಎಸ್‌ಪಿಎಫ್ ಅಥವಾ ಡಿಕಿಮ್ ಒಂದಾದರೂ ಇರಬೇಕು. ದಿನಕ್ಕೆ 5,000ಕ್ಕಿಂತ ಹೆಚ್ಚು ಕಳಿಸುವವರಿಗೆ ಮೂರೂ ಕಡ್ಡಾಯ. ಮೈಕ್ರೋಸಾಫ್ಟ್ ಕೂಡ 2025ರ ಮೇ ತಿಂಗಳಿಂದ ಔಟ್‌ಲುಕ್, ಹಾಟ್‌ಮೇಲ್ ಖಾತೆಗಳಿಗೆ ಹೀಗೆ ದೊಡ್ಡ ಸಂಖ್ಯೆಯಲ್ಲಿ ಕಳಿಸುವವರಿಗೆ ಇಂಥದ್ದೇ ನಿಯಮ ತಂದಿದೆ.

ಶಿರಾಳಕೊಪ್ಪದ ಅಂಗಡಿಯಿಂದ ದಿನಕ್ಕೆ 5,000 ಮೇಲ್ ಯಾರೂ ಕಳಿಸಲ್ಲ, ನಿಜ. ಆದರೆ ಹತ್ತೇ ಮೇಲ್ ಕಳಿಸಿದ್ರೂ ಆ ಹತ್ತು ತಲುಪಬೇಕಲ್ಲ? ಮೂರೂ ಹಾಕಿಡೋದು ಒಳ್ಳೇದು. ಇದಕ್ಕೆ ಪ್ರತ್ಯೇಕ ದುಡ್ಡು ಕಟ್ಟೋದೇನೂ ಇಲ್ಲ.

ಮೂರು ಪರೀಕ್ಷೆ ಅಂದ್ರೆ ಏನು? ಅಡಿಕೆ ಲೋಡಿನ ಲೆಕ್ಕದಲ್ಲಿ ಹೇಳೋದಾದ್ರೆ

ಎಸ್‌ಪಿಎಫ್: 'ನಮ್ಮ ಮಾಲು ತರೋದು ಈ ನಂಬರಿನ ಲಾರಿಗಳು ಮಾತ್ರ' ಅಂತ ಮೊದಲೇ ಪಟ್ಟಿ ಹಾಕಿದ ಹಾಗೆ. ನಿಮ್ಮ ಡೊಮೈನ್ ಪರವಾಗಿ ಯಾವ ಸರ್ವರ್‌ಗಳು ಮೇಲ್ ಕಳಿಸಬಹುದು ಅನ್ನೋ ಪಟ್ಟಿ ಇದು.

ಡಿಕಿಮ್: ಚೀಲದ ಬಾಯಿಗೆ ಹಾಕೋ ಸೀಲು. ಪ್ರತಿ ಮೇಲ್‌ಗೂ ನಿಮ್ಮ ಸರ್ವರ್ ಒಂದು ಡಿಜಿಟಲ್ ಸಹಿ ಹಾಕುತ್ತೆ. ಸಹಿ ಹಾಕೋ ಗುಟ್ಟಿನ ಕೀ ಸರ್ವರ್ ಹತ್ರ. ಅದನ್ನ ಪರೀಕ್ಷೆ ಮಾಡೋ ಕೀ ಎಲ್ಲರಿಗೂ ಕಾಣೋ ಹಾಗೆ ಡೊಮೈನ್ ದಾಖಲೆಯಲ್ಲಿ. ಸಹಿ ಮಾಡಿದ ಭಾಗವನ್ನ ದಾರಿಯಲ್ಲಿ ಯಾರಾದ್ರೂ ತಿದ್ದಿದ್ರೆ ಸೀಲು ಒಡೆದಿದ್ದು ಗೊತ್ತಾಗುತ್ತೆ.

ಡಿಮಾರ್ಕ್: 'ಲಾರಿ ನಂಬರೂ ಸೇರಲ್ಲ, ಸೀಲೂ ಸರಿ ಇಲ್ಲ ಅಂದ್ರೆ ಆ ಮಾಲನ್ನ ಏನು ಮಾಡಬೇಕು' ಅಂತ ಖರೀದಿದಾರನಿಗೆ ಮಾಲೀಕರು ಕೊಡೋ ಸೂಚನೆ. ಜತೆಗೆ 'ನಮ್ಮ ಹೆಸರಲ್ಲಿ ಏನೇನು ಬಂತು, ನಮಗೆ ತಿಳಿಸಿ' ಅನ್ನೋ ಕೋರಿಕೆ.

ಇಲ್ಲೊಂದು ಸೂಕ್ಷ್ಮ ಇದೆ. ಎಸ್‌ಪಿಎಫ್ ಒಂದೇ ಇದ್ರೆ ಸಾಲಲ್ಲ. ಅದು ನೋಡೋದು ಮೇಲ್‌ನ ಹಿಂಬದಿ ವಿಳಾಸವನ್ನ. ಓದುಗರ ಕಣ್ಣಿಗೆ ಕಾಣೋ 'ಫ್ರಮ್' ವಿಳಾಸವನ್ನಲ್ಲ. ಮೋಸಗಾರ ಹಿಂದೆ ತನ್ನ ಡೊಮೈನ್ ಇಟ್ಟು, ಮುಂದೆ ನಿಮ್ಮ ವಿಳಾಸ ತೋರಿಸಿದ್ರೆ ಎಸ್‌ಪಿಎಫ್ ಪಾಸ್ ಆಗಿಬಿಡುತ್ತೆ. ಲಾರಿ ನಂಬರ್ ಸರಿಯಾಗಿದೆ, ಆದರೆ ಲಾರಿಯೇ ಬೇರೆ ಮಂಡಿಯದ್ದು! ಲಾರಿ ಅಥವಾ ಸೀಲು ಎರಡರಲ್ಲಿ ಒಂದಾದರೂ ಕಣ್ಣಿಗೆ ಕಾಣೋ ಹೆಸರಿಗೆ ಹೊಂದಬೇಕು ಅಂತ ಹೇಳೋದು ಡಿಮಾರ್ಕ್ ಮಾತ್ರ.

ಗ್ರಾಹಕರು ಒಂದು ಖಾತೆಗೆ ಬಂದ ಮೇಲನ್ನ ಇನ್ನೊಂದಕ್ಕೆ ತಾನಾಗೇ ಫಾರ್ವರ್ಡ್ ಆಗೋ ಹಾಗೆ ಇಟ್ಟಿದ್ರೆ ಎಸ್‌ಪಿಎಫ್ ಫೇಲ್ ಆಗೋದು ಸಾಮಾನ್ಯ. ದಾರಿಯಲ್ಲಿ ಲಾರಿ ಬದಲಾಯ್ತಲ್ಲ. ಆದರೆ ಚೀಲದ ಸೀಲು ಉಳಿದಿರುತ್ತೆ. ಅದಕ್ಕೇ ಡಿಕಿಮ್ ಬಿಡಬಾರದು.

ಮೊದಲ ಪ್ರಶ್ನೆ: ಪ್ಯಾನೆಲ್ ಯಾರ ಕೈಯಲ್ಲಿದೆ?

ತಾಲೂಕು ಮಟ್ಟದಲ್ಲಿ ನಿಜವಾದ ತಲೆನೋವು ಇದೇ. ವೆಬ್‌ಸೈಟ್ ಮಾಡಿಕೊಟ್ಟ ಹುಡುಗ ಡೊಮೈನನ್ನೂ ತನ್ನ ಹೆಸರಲ್ಲೇ, ತನ್ನ ಮೇಲ್ ಐಡಿಯಲ್ಲೇ ತಗೊಂಡಿರ್ತಾನೆ. ಆಮೇಲೆ ಕೆಲಸ ಸಿಕ್ಕಿ ಬೆಂಗಳೂರಿಗೆ ಹೋಗಿರ್ತಾನೆ. ಫೋನ್ ನಂಬರ್ ಬದಲಾಗಿರುತ್ತೆ. ರಿನೀವಲ್ ತಪ್ಪಿದ್ರೆ ಡೊಮೈನೇ ಕೈತಪ್ಪಬಹುದು, ಆಮೇಲೆ ಅದನ್ನ ಯಾರು ಬೇಕಾದ್ರೂ ಕೊಳ್ಳಬಹುದು. ಅಂಗಡಿ ಬಾಡಿಗೆ ಕರಾರು ಇನ್ನೊಬ್ಬರ ಹೆಸರಲ್ಲಿ ಇದ್ದಂಗೆ ಇದು.

ಹಾಗಾಗಿ ಮೊದಲು ಈ ಮೂರು ವಿಷಯ ಪತ್ತೆ ಮಾಡ್ಕೊಳ್ಳಿ:

1. ಡೊಮೈನ್ ಖರೀದಿ ಮಾಡಿದ್ದು ಯಾವ ಕಂಪನಿಯಲ್ಲಿ? ಲಾಗಿನ್ ಯಾರ ಇಮೇಲ್‌ನಲ್ಲಿದೆ? ಅದನ್ನ ಮಾಲೀಕರ ಹೆಸರಿಗೆ, ಮಾಲೀಕರ ಮೊಬೈಲ್‌ಗೆ ಬದಲಿಸಿ.

2. ನೇಮ್‌ಸರ್ವರ್ ಯಾವುದು? ಡೊಮೈನ್ ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ, ನೇಮ್‌ಸರ್ವರ್ ಕ್ಲೌಡ್‌ಫ್ಲೇರ್‌ನಂಥ ಮೂರನೇ ಕಡೆ ಇರಬಹುದು. ನೇಮ್‌ಸರ್ವರ್ ಎಲ್ಲಿದೆಯೋ ಅಲ್ಲಿನ ಡಿಎನ್‌ಎಸ್ ಪ್ಯಾನೆಲ್‌ನಲ್ಲಿ ಹಾಕಿದ ದಾಖಲೆ ಮಾತ್ರ ಕೆಲಸ ಮಾಡುತ್ತೆ. ಬೇರೆ ಕಡೆ ಎಷ್ಟು ಹಾಕಿದ್ರೂ ವ್ಯರ್ಥ. 'ಎಲ್ಲ ಹಾಕಿದೀವಿ, ಆದ್ರೂ ಬರ್ತಿಲ್ಲ' ಅನ್ನೋರು ಮೊದಲು ನೋಡಬೇಕಾದ್ದು ಇದನ್ನ.

3. ನಿಮ್ಮ ಡೊಮೈನ್ ಹೆಸರಲ್ಲಿ ಯಾರ್‍ಯಾರು ಮೇಲ್ ಕಳಿಸ್ತಾರೆ? ಮೇಲ್ ಸೇವೆ ಒಂದು. ವೆಬ್‌ಸೈಟ್‌ನ 'ಸಂಪರ್ಕಿಸಿ' ಫಾರಂ ಇನ್ನೊಂದು. ಬಿಲ್ಲಿಂಗ್ ಸಾಫ್ಟ್‌ವೇರ್, ಹಬ್ಬದ ಆಫರ್ ಕಳಿಸೋ ಸೇವೆ, ಶಾಲೆಯಾದರೆ ಫೀಸ್ ರಸೀದಿ ಕಳಿಸೋ ಆ್ಯಪ್. ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದಿಡಿ. ಮುಂದೆ ಬೇಕಾಗುತ್ತೆ.

ಗಮನಿಸಿ: ಈ ಲೇಖನದಲ್ಲಿ ದಾಖಲೆಗಳನ್ನ ಕನ್ನಡ ಅಕ್ಷರದಲ್ಲಿ ಕೊಟ್ಟಿರೋದು ಅರ್ಥ ಆಗಲಿ ಅಂತ. ಪ್ಯಾನೆಲ್‌ನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹಾಕಬೇಕು. ಕೈಯಲ್ಲಿ ಟೈಪ್ ಮಾಡೋ ಬದಲು ನಿಮ್ಮ ಮೇಲ್ ಸೇವೆಯ ಅಡ್ಮಿನ್ ಪುಟದಿಂದ ಕಾಪಿ ಮಾಡಿ ಪೇಸ್ಟ್ ಮಾಡಿ. ಒಂದು ಚುಕ್ಕೆ ತಪ್ಪಿದ್ರೂ ಫೇಲ್.

ಹಂತ 1: ಎಸ್‌ಪಿಎಫ್

ಡಿಎನ್‌ಎಸ್ ಪ್ಯಾನೆಲ್‌ನಲ್ಲಿ ಹೊಸ ಟಿಎಕ್ಸ್‌ಟಿ ರೆಕಾರ್ಡ್ ತೆಗೀರಿ. ಹೆಸರಿನ ಜಾಗದಲ್ಲಿ @ ಚಿಹ್ನೆ ಹಾಕಿ. ಗೂಗಲ್ ವರ್ಕ್‌ಸ್ಪೇಸ್ ಬಳಸೋರಿಗೆ ದಾಖಲೆ ಹೀಗಿರುತ್ತೆ:

ವಿ=ಎಸ್‌ಪಿಎಫ್1 ಇನ್‌ಕ್ಲೂಡ್:_ಎಸ್‌ಪಿಎಫ್.ಗೂಗಲ್.ಕಾಮ್ ~ಆಲ್

ಮೊದಲ ತುಂಡು ಇದು ಎಸ್‌ಪಿಎಫ್ ಅಂತ ಹೇಳುತ್ತೆ. ನಡುವಿನದು 'ಗೂಗಲ್ ಸರ್ವರ್‌ಗಳಿಗೆ ನಮ್ಮ ಒಪ್ಪಿಗೆ ಇದೆ' ಅನ್ನುತ್ತೆ. ಕೊನೆಯ ~ಆಲ್ ಅಂದ್ರೆ 'ಬೇರೆಯವರು ಕಳಿಸಿದ್ರೆ ಅನುಮಾನ ಪಡಿ' ಅಂತ. ಅದೇ ಜಾಗದಲ್ಲಿ -ಆಲ್ ಹಾಕಿದ್ರೆ 'ಬೇರೆಯವರು ಕಳಿಸಿದ್ದು ನಮ್ಮದಲ್ಲ' ಅಂತ ಖಡಾಖಂಡಿತ. +ಆಲ್ ಮಾತ್ರ ಯಾವತ್ತೂ ಹಾಕಬೇಡಿ. ಊರಿಗೆಲ್ಲ ಅಂಗಡಿ ಕೀಲಿ ಕೊಟ್ಟಂಗೆ.

ಜೋಹೋ, ಮೈಕ್ರೋಸಾಫ್ಟ್ 365 ಅಥವಾ ಹೋಸ್ಟಿಂಗ್ ಕಂಪನಿಯ ಮೇಲ್ ಬಳಸೋರು ಅವರವರ ಅಡ್ಮಿನ್ ಪುಟ ಕೊಡೋ ಸಾಲು ತಗೊಳ್ಳಿ. ಸಿಪ್ಯಾನೆಲ್ ಇರೋ ಹೋಸ್ಟಿಂಗ್ ಆದ್ರೆ 'ಇಮೇಲ್ ಡೆಲಿವರಬಿಲಿಟಿ' ಅನ್ನೋ ಪುಟದಲ್ಲಿ ಎಸ್‌ಪಿಎಫ್, ಡಿಕಿಮ್ ಎರಡೂ ಸಿಗುತ್ತೆ. ನೇಮ್‌ಸರ್ವರ್ ಅದೇ ಹೋಸ್ಟಿಂಗ್‌ನದ್ದಾದ್ರೆ 'ರಿಪೇರ್' ಒತ್ತಿದ್ರೆ ತಾನೇ ಸರಿ ಮಾಡುತ್ತೆ.

ಇಲ್ಲಿ ಆಗೋ ತಪ್ಪುಗಳು:

- ಎರಡು ಎಸ್‌ಪಿಎಫ್ ದಾಖಲೆ ಹಾಕೋದು. ಒಂದು ಡೊಮೈನ್‌ಗೆ ಒಂದೇ ಇರಬೇಕು. ಎರಡಿದ್ರೆ ಎರಡೂ ಲೆಕ್ಕಕ್ಕಿಲ್ಲ. ಎರಡು ಸೇವೆ ಬಳಸೋರು ಒಂದೇ ಸಾಲಿನಲ್ಲಿ ಎರಡು 'ಇನ್‌ಕ್ಲೂಡ್' ಸೇರಿಸಬೇಕು.
- ಹಳೇ ಸೇವೆಗಳನ್ನೆಲ್ಲ ಪಟ್ಟಿಯಲ್ಲೇ ಬಿಡೋದು. ಎಸ್‌ಪಿಎಫ್ ಪರೀಕ್ಷೆಯಲ್ಲಿ ಡಿಎನ್‌ಎಸ್ ಹುಡುಕಾಟಕ್ಕೆ 10ರ ಮಿತಿ ಇದೆ. ದಾಟಿದ್ರೆ ಫೇಲ್. ಬಿಟ್ಟ ಸೇವೆಯ ಹೆಸರು ತೆಗೆದುಹಾಕಿ.

ಹಂತ 2: ಡಿಕಿಮ್

ಇದರ ಕೀ ನಿಮ್ಮ ಮೇಲ್ ಸೇವೆಯೇ ಮಾಡಿಕೊಡುತ್ತೆ. ಗೂಗಲ್ ವರ್ಕ್‌ಸ್ಪೇಸ್‌ನಲ್ಲಿ ಅಡ್ಮಿನ್ ಕನ್ಸೋಲ್ ತೆಗೆದು ಆ್ಯಪ್ಸ್, ಗೂಗಲ್ ವರ್ಕ್‌ಸ್ಪೇಸ್, ಜಿಮೇಲ್, ಆಮೇಲೆ 'ಅಥೆಂಟಿಕೇಟ್ ಇಮೇಲ್' ಒತ್ತಿ. 2048 ಬಿಟ್‌ನ ಕೀ ಆರಿಸಿ. ಒಂದು ಹೆಸರು, ಒಂದು ಉದ್ದನೆಯ ಅಕ್ಷರಸಾಲು ಸಿಗುತ್ತೆ. ಹೆಸರು 'ಗೂಗಲ್._ಡೊಮೈನ್‌ಕೀ' ಅಂತಿರುತ್ತೆ. ಎರಡನ್ನೂ ಡಿಎನ್‌ಎಸ್ ಪ್ಯಾನೆಲ್‌ನಲ್ಲಿ ಇನ್ನೊಂದು ಟಿಎಕ್ಸ್‌ಟಿ ರೆಕಾರ್ಡ್ ಆಗಿ ಹಾಕಿ. ಮೈಕ್ರೋಸಾಫ್ಟ್ 365ರಲ್ಲಿ ಟಿಎಕ್ಸ್‌ಟಿ ಬದಲು ಎರಡು ಸಿನೇಮ್ ರೆಕಾರ್ಡ್ ಹಾಕಬೇಕು.

ಇಲ್ಲಿ ಮೂರು ಕಡೆ ಎಡವೋರು ಜಾಸ್ತಿ:

- ಹೆಸರಿನ ಜಾಗದಲ್ಲಿ ಪೂರ್ತಿ ಡೊಮೈನ್ ಬರೆಯೋದು. ತುಂಬಾ ಪ್ಯಾನೆಲ್‌ಗಳು ಡೊಮೈನ್ ಹೆಸರನ್ನ ತಾವೇ ಸೇರಿಸ್ಕೊಳ್ತವೆ. ನೀವೂ ಬರೆದ್ರೆ ಹೆಸರು ಎರಡು ಸಲ ಬಂದು ದಾಖಲೆ ಸಿಗೋದೇ ಇಲ್ಲ.
- ಉದ್ದನೆಯ ಕೀ ಅರ್ಧಕ್ಕೆ ಕಟ್ ಆಗೋದು. ಟಿಎಕ್ಸ್‌ಟಿಯಲ್ಲಿ ಒಂದು ತುಂಡು 255 ಅಕ್ಷರ ಮೀರೋ ಹಾಗಿಲ್ಲ. ಕೆಲವು ಪ್ಯಾನೆಲ್ ತಾವೇ ತುಂಡು ಮಾಡ್ತವೆ, ಕೆಲವು ಮಾಡಲ್ಲ. ಸೇವ್ ಆದ್ಮೇಲೆ ಕೊನೆಯ ಅಕ್ಷರದ ತನಕ ಹೋಲಿಸಿ ನೋಡಿ.
- ದಾಖಲೆ ಹಾಕಿ ವಾಪಸ್ ಬಂದು 'ಸ್ಟಾರ್ಟ್ ಅಥೆಂಟಿಕೇಶನ್' ಒತ್ತೋದನ್ನ ಮರೆಯೋದು. ಒತ್ತದಿದ್ರೆ ನಿಮ್ಮ ಡೊಮೈನ್‌ನ ಸೀಲು ಬೀಳಲ್ಲ.

ಡಿಎನ್‌ಎಸ್ ಬದಲಾವಣೆ ಎಲ್ಲ ಕಡೆ ಕಾಣೋಕೆ ಕೆಲವು ನಿಮಿಷದಿಂದ 48 ಗಂಟೆ ಬೇಕಾಗಬಹುದು. ಗಾಬರಿಯಾಗಿ ಮತ್ತೆ ಮತ್ತೆ ಅಳಿಸಿ ಹಾಕಬೇಡಿ.

ಹಂತ 3: ಡಿಮಾರ್ಕ್, ಆದರೆ ಆತುರ ಬೇಡ

ಮೊದಲೆರಡೂ ಪಾಸ್ ಆಗ್ತಿವೆ ಅಂತ ಗೊತ್ತಾದ್ಮೇಲೆ ಮಾತ್ರ ಇದಕ್ಕೆ ಕೈ ಹಾಕಿ. ಹೊಸ ಟಿಎಕ್ಸ್‌ಟಿ ರೆಕಾರ್ಡ್. ಹೆಸರು: _ಡಿಮಾರ್ಕ್. ದಾಖಲೆ:

ವಿ=ಡಿಮಾರ್ಕ್1; ಪಿ=ನನ್; ಆರ್‌ಯುಎ=ಮೇಲ್‌ಟು:ವರದಿ@ನಿಮ್ಮಂಗಡಿ.ಇನ್

'ಪಿ' ಅಂದ್ರೆ ಪಾಲಿಸಿ. ಇದಕ್ಕೆ ಮೂರು ಮಟ್ಟ:

- ನನ್: ಸದ್ಯಕ್ಕೆ ಏನೂ ಮಾಡಬೇಡಿ, ವರದಿ ಮಾತ್ರ ಕೊಡಿ.
- ಕ್ವಾರಂಟೈನ್: ಫೇಲ್ ಆದದ್ದನ್ನ ಸ್ಪ್ಯಾಮ್‌ಗೆ ಹಾಕಿ.
- ರಿಜೆಕ್ಟ್: ಬಾಗಿಲಲ್ಲೇ ವಾಪಸ್ ಕಳಿಸಿ.

ಮೊದಲ ದಿನವೇ ರಿಜೆಕ್ಟ್ ಹಾಕಿದ್ರೆ ಏನಾಗುತ್ತೆ? ನೀವು ಮರೆತ ಬಿಲ್ಲಿಂಗ್ ಸಾಫ್ಟ್‌ವೇರ್ ಕಳಿಸೋ ನಿಜವಾದ ಬಿಲ್ಲೂ ವಾಪಸ್ ಹೋಗುತ್ತೆ. ಕಳ್ಳನನ್ನ ತಡೆಯೋಕೆ ಹೋಗಿ ಮನೆಯವರನ್ನೇ ಹೊರಗೆ ನಿಲ್ಲಿಸಿದಂಗೆ. ಅದಕ್ಕೇ ಎರಡರಿಂದ ನಾಲ್ಕು ವಾರ 'ನನ್'ನಲ್ಲಿಟ್ಟು ವರದಿ ನೋಡಿ.

ವರದಿ ಸಾಮಾನ್ಯವಾಗಿ ದಿನಕ್ಕೊಂದು ಸಲ, ಜಿಪ್ ಫೈಲ್‌ನಲ್ಲಿ ಬರುತ್ತೆ. ಒಳಗೆ ಎಕ್ಸ್‌ಎಂಎಲ್ ಅನ್ನೋ ಕೋಡ್ ಭಾಷೆ ಇರೋದ್ರಿಂದ ಓದೋಕೆ ಕಷ್ಟ. ಅದನ್ನ ಕೋಷ್ಟಕ ಮಾಡಿ ತೋರಿಸೋ ಉಚಿತ ವೆಬ್‌ಸೈಟ್‌ಗಳಿವೆ. ನೋಡಬೇಕಾದ್ದು ಇಷ್ಟೇ: ಯಾವ ಸರ್ವರ್‌ನಿಂದ ಎಷ್ಟು ಮೇಲ್ ಹೋಗಿದೆ, ಪಾಸಾ ಫೇಲಾ. ಫೇಲ್ ಆದ ಸರ್ವರ್ ನಿಮ್ಮ ಹಾಳೆಯಲ್ಲಿ ಬರೆದ ಸೇವೆಯದ್ದೇ ಆದ್ರೆ ಅದನ್ನ ಸರಿಪಡಿಸಿ. ಅದು ಯಾರದ್ದು ಅಂತಲೇ ಗೊತ್ತಿಲ್ಲ ಅಂದ್ರೆ ನಿಮ್ಮ ಹೆಸರನ್ನ ಬೇರೆಯವರು ಬಳಸ್ತಿರಬಹುದು. ನಿಮ್ಮದೆಲ್ಲ ಪಾಸ್ ಆದ್ಮೇಲೆ ಕ್ವಾರಂಟೈನ್, ಇನ್ನಷ್ಟು ವಾರ ಬಿಟ್ಟು ರಿಜೆಕ್ಟ್.

'ನನ್'ನಲ್ಲೇ ವರ್ಷಗಟ್ಟಲೆ ಬಿಡೋರೂ ಇದ್ದಾರೆ. ಅದರಿಂದ ವರದಿ ಬರುತ್ತೆ, ಮೋಸ ನಿಲ್ಲಲ್ಲ. ಸಿಸಿ ಕ್ಯಾಮೆರಾ ಹಾಕಿ ಬಾಗಿಲು ತೆಗೆದಿಟ್ಟಂಗೆ.

ವರದಿಗೆ ನಿಮ್ಮ ಡೊಮೈನ್‌ನದ್ದೇ ವಿಳಾಸ ಕೊಡಿ. ಬೇರೆ ಡೊಮೈನ್‌ನ ವಿಳಾಸ ಕೊಟ್ಟರೆ ಆ ಡೊಮೈನ್‌ನವರು ತಮ್ಮ ಡಿಎನ್‌ಎಸ್‌ನಲ್ಲಿ ಒಪ್ಪಿಗೆ ದಾಖಲೆ ಹಾಕಿರಬೇಕು ಅನ್ನೋ ನಿಯಮ ಇದೆ. ಹಾಗಾಗಿ ವೈಯಕ್ತಿಕ ಜಿಮೇಲ್ ವಿಳಾಸ ಹಾಕಿದ್ರೆ ವರದಿ ಬರುತ್ತೆ ಅನ್ನೋ ಭರವಸೆ ಇಲ್ಲ.

ಪಾಸ್ ಆಗಿದ್ಯಾ? ಚೆಕ್ ಮಾಡೋದು ಹೇಗೆ?

ಅಂಗಡಿಯ ಮೇಲ್‌ನಿಂದ ಒಂದು ಜಿಮೇಲ್ ಖಾತೆಗೆ ಮೇಲ್ ಕಳಿಸಿ. ಕಂಪ್ಯೂಟರ್‌ನಲ್ಲಿ ಅದನ್ನ ತೆಗೆದು, ಬಲಗಡೆಯ ಮೂರು ಚುಕ್ಕೆ ಒತ್ತಿ 'ಶೋ ಒರಿಜಿನಲ್' ಆರಿಸಿ. ಮೇಲ್ಭಾಗದಲ್ಲೇ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಮುಂದೆಯೂ 'ಪಾಸ್' ಅಂತ ಇರಬೇಕು. ಡಿಕಿಮ್ ಪಕ್ಕದಲ್ಲಿ ನಿಮ್ಮ ಡೊಮೈನ್ ಹೆಸರೇ ಇದೆಯಾ ಅನ್ನೋದನ್ನೂ ನೋಡಿ.

ಇದೇ ರೀತಿ ವೆಬ್‌ಸೈಟ್ ಫಾರಂ, ಬಿಲ್ಲಿಂಗ್ ಸಾಫ್ಟ್‌ವೇರ್, ಪ್ರತಿಯೊಂದರಿಂದಲೂ ಒಂದೊಂದು ಮೇಲ್ ಕಳಿಸಿ ನೋಡಿ. ಟ್ಯಾಲಿಯಿಂದ ನೇರ ಬಿಲ್ ಕಳಿಸೋರು ಅದರಲ್ಲಿ ಯಾವ ಮೇಲ್ ಸರ್ವರ್ ಕೊಟ್ಟಿದ್ದೀರಿ ನೋಡ್ಕೊಳ್ಳಿ. ನಿಮ್ಮದೇ ಮೇಲ್ ಸೇವೆಯ ಸರ್ವರ್ ಆದ್ರೆ ತೊಂದರೆ ಇಲ್ಲ.

ವೆಬ್‌ಸೈಟ್ ಫಾರಂ ವಿಷಯದಲ್ಲಿ ಒಂದು ಮಾತು. ಗ್ರಾಹಕ ಫಾರಂ ತುಂಬಿದಾಗ ಅವನ ಜಿಮೇಲ್ ವಿಳಾಸವನ್ನೇ 'ಫ್ರಮ್'ನಲ್ಲಿ ಇಟ್ಟು ಮೇಲ್ ಬರೋ ಹಾಗೆ ಕೆಲವರು ಮಾಡಿರ್ತಾರೆ. ನಿಮ್ಮ ಸರ್ವರ್ ಜಿಮೇಲ್ ಹೆಸರಲ್ಲಿ ಕಳಿಸಿದಂಗಾಯ್ತು, ಸ್ಪ್ಯಾಮ್‌ಗೆ ಹೋಗೋದು ಸಹಜ. 'ಫ್ರಮ್' ನಿಮ್ಮ ಡೊಮೈನ್‌ನದ್ದಿರಲಿ, 'ರಿಪ್ಲೈ ಟು' ಗ್ರಾಹಕನದ್ದಿರಲಿ.

ವೆಬ್‌ಸೈಟ್ ಇದೆ, ಮೇಲ್ ಮಾತ್ರ ಜಿಮೇಲ್‌ನಲ್ಲೇ. ಅಂಥವರು ಏನು ಮಾಡಬೇಕು?

ಎರಡೂ ತಾಲೂಕಿನಲ್ಲಿ ಹೀಗೆ ನಡೆಸೋ ಅಂಗಡಿ, ಹೋಮ್‌ಸ್ಟೇಗಳೂ ಇವೆ. 'ಡೊಮೈನ್‌ನಿಂದ ಮೇಲೇ ಕಳಿಸಲ್ಲ, ನಮಗ್ಯಾಕೆ?' ಅಂತ ಕೇಳಬಹುದು. ನೀವು ಕಳಿಸಲ್ಲ ಸರಿ, ಮೋಸಗಾರ ಕಳಿಸಬಹುದಲ್ಲ? ಇಂಥವರ ಕೆಲಸ ಸುಲಭ. ಎಸ್‌ಪಿಎಫ್‌ನಲ್ಲಿ 'ವಿ=ಎಸ್‌ಪಿಎಫ್1 -ಆಲ್', ಡಿಮಾರ್ಕ್‌ನಲ್ಲಿ 'ವಿ=ಡಿಮಾರ್ಕ್1; ಪಿ=ರಿಜೆಕ್ಟ್'. ಎರಡೇ ಸಾಲು. 'ಈ ಹೆಸರಲ್ಲಿ ಮೇಲ್ ಬಂದ್ರೆ ಅದು ಸುಳ್ಳು' ಅಂತ ಜಗತ್ತಿಗೆ ಹೇಳಿದಂಗೆ. ಹಾಕೋ ಮುಂಚೆ ವೆಬ್‌ಸೈಟ್ ಫಾರಂ ಕೂಡ ಆ ಡೊಮೈನ್‌ನಿಂದ ಮೇಲ್ ಕಳಿಸ್ತಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ.

ಇದು ಏನನ್ನು ತಡೆಯಲ್ಲ?

ಮೂರೂ ಹಾಕಿದ ಮೇಲೂ ಮೋಸಕ್ಕೆ ದಾರಿ ಪೂರ್ತಿ ಮುಚ್ಚಲ್ಲ.

- ನಿಮ್ಮ ಹೆಸರಿಗೆ ಒಂದಕ್ಷರ ಸೇರಿಸಿ ಹೊಸ ಡೊಮೈನ್ ಕೊಂಡರೆ ಇದು ತಡೆಯಲ್ಲ. ಅವರ ಡೊಮೈನ್‌ಗೆ ಅವರದ್ದೇ ದಾಖಲೆ ಪಾಸ್ ಆಗುತ್ತೆ.
- ಯಾವುದೋ ಜಿಮೇಲ್ ಖಾತೆಗೆ ನಿಮ್ಮ ಅಂಗಡಿ ಹೆಸರಿಟ್ಟು ಕಳಿಸಿದ್ರೂ ತಡೆಯಲ್ಲ.
- ನಿಮ್ಮ ಪಾಸ್‌ವರ್ಡ್ ಕದ್ದು ನಿಮ್ಮ ಖಾತೆಯಿಂದಲೇ ಕಳಿಸಿದ್ರೆ ಮೂರೂ ಪಾಸ್! ಹಾಗಾಗಿ ಎರಡು ಹಂತದ ಲಾಗಿನ್ ಹಾಕೋದು ಮರೀಬೇಡಿ.

ಮೋಸದ ಡೊಮೈನ್ ಕಾಟ ತಪ್ಪಿಸೋಕೆ ಅಂತಲೇ ರಿಸರ್ವ್ ಬ್ಯಾಂಕ್ ದೇಶದ ಬ್ಯಾಂಕುಗಳಿಗೆ 'ಬ್ಯಾಂಕ್ ಡಾಟ್ ಇನ್' ಅನ್ನೋ ಪ್ರತ್ಯೇಕ ಡೊಮೈನನ್ನ 2025ರ ಫೆಬ್ರವರಿಯಲ್ಲಿ ಘೋಷಿಸಿತ್ತು. ಬದಲಾಗೋಕೆ ಅದೇ ವರ್ಷದ ಅಕ್ಟೋಬರ್ 31ರ ಗಡುವು ಕೊಟ್ಟಿತ್ತು. ಅಂಗಡಿಗಳಿಗೆ ಅಂಥ ವ್ಯವಸ್ಥೆ ಇಲ್ಲ. ಹಾಗಾಗಿ ಖರೀದಿದಾರರಿಗೆ ಮೊದಲೇ ಒಂದು ಮಾತು ಹೇಳಿಡಿ: 'ಖಾತೆ ನಂಬರ್ ಬದಲಾಯ್ತು ಅಂತ ಮೇಲ್ ಬಂದ್ರೆ ಫೋನ್ ಮಾಡಿ ಕೇಳದೆ ಹಣ ಹಾಕಬೇಡಿ.' ಫೋನ್ ಮಾಡೋದು ಆ ಮೇಲ್‌ನಲ್ಲಿರೋ ನಂಬರಿಗಲ್ಲ, ಮೊದಲಿಂದ ಇರೋ ನಂಬರಿಗೆ.

ಹಣ ಹೋಗಿಬಿಟ್ಟಿದ್ರೆ?

ತಡ ಮಾಡದೆ 1930ಕ್ಕೆ ಕರೆ ಮಾಡಿ. ಇದು ಸೈಬರ್ ವಂಚನೆಗೆ ಇರೋ ರಾಷ್ಟ್ರೀಯ ಸಹಾಯವಾಣಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಹೋಗೋ ಮುಂಚೆ ತಡೆಹಿಡಿಯೋ ಅವಕಾಶ ಜಾಸ್ತಿ. ರಾಷ್ಟ್ರೀಯ ಸೈಬರ್ ಕ್ರೈಂ ಪೋರ್ಟಲ್‌ನಲ್ಲೂ ದೂರು ದಾಖಲಿಸಬಹುದು. ಜಿಲ್ಲೆಯಲ್ಲಿ ಶಿವಮೊಗ್ಗದ ಸಿಇಎನ್ ಪೊಲೀಸ್ ಠಾಣೆ ಇಂಥ ಪ್ರಕರಣ ನೋಡುತ್ತೆ. ಬಂದ ಮೋಸದ ಮೇಲನ್ನ ಡಿಲೀಟ್ ಮಾಡಬೇಡಿ. 'ಶೋ ಒರಿಜಿನಲ್' ಪುಟವನ್ನ ಡೌನ್‌ಲೋಡ್ ಮಾಡಿಡಿ. ಅದು ಯಾವ ಸರ್ವರ್‌ನಿಂದ ಬಂತು ಅನ್ನೋ ಸುಳಿವು ಅದರಲ್ಲೇ ಇರುತ್ತೆ.

ಒಂದೇ ನೋಟದಲ್ಲಿ

1. ಡೊಮೈನ್ ಲಾಗಿನ್ ಮಾಲೀಕರ ಕೈಗೆ ಬರಲಿ.
2. ಮೇಲ್ ಕಳಿಸೋ ಎಲ್ಲ ಸೇವೆಗಳ ಪಟ್ಟಿ ಬರೆಯಿರಿ.
3. ಎಸ್‌ಪಿಎಫ್ ಹಾಕಿ. ಒಂದೇ ಒಂದು.
4. ಡಿಕಿಮ್ ಹಾಕಿ, ಶುರು ಮಾಡೋ ಬಟನ್ ಒತ್ತಿ.
5. ಡಿಮಾರ್ಕ್ 'ನನ್', ಆಮೇಲೆ 'ಕ್ವಾರಂಟೈನ್', ಕೊನೆಗೆ 'ರಿಜೆಕ್ಟ್'.
6. ಹೊಸ ಸಾಫ್ಟ್‌ವೇರ್ ತಗೊಂಡಾಗ, ಹೋಸ್ಟಿಂಗ್ ಬದಲಿಸಿದಾಗ ಮತ್ತೊಮ್ಮೆ ಚೆಕ್ ಮಾಡಿ.

ದಾಖಲೆ ಹಾಕೋದು ಒಂದು ಮಧ್ಯಾಹ್ನದ ಕೆಲಸ, ವರದಿ ನೋಡೋದು ಕೆಲವು ವಾರದ್ದು. ನಿಮಗೆ ಬರದಿದ್ರೆ ವೆಬ್‌ಸೈಟ್ ಮಾಡಿಕೊಟ್ಟವರಿಗೆ ಈ ಲೇಖನ ವಾಟ್ಸಾಪ್ ಮಾಡಿ, 'ಇದರಲ್ಲಿ ನಮಗೆ ಯಾವ್ಯಾವುದು ಹಾಕಿದೀರಿ?' ಅಂತ ಕೇಳಿ. ಆದರೆ ಕೆಲಸ ಮುಗಿದ ಮೇಲೆ ಪ್ಯಾನೆಲ್ ಪಾಸ್‌ವರ್ಡ್ ಮಾತ್ರ ನಿಮ್ಮ ಕೈಗೆ ಬರಬೇಕು.